ಹತ್ತು ಬಾಯಿಗೆ ಮೂರು ಚೀಲ: ದಕ್ಷಿಣ ಸುಡಾನಿನಲ್ಲಿ ನನ್ನ ಅನುಭವ

50 ಕಿಲೋ ತೂಗುವ ಮೂರು ಚೀಲ ಜೋಳವನ್ನು ಹತ್ತು ಜನರಿಗೆ ಹಂಚಿದರೆ ತಲೆಗೆ 15 ಕಿಲೋ. ದಿನಕ್ಕೆ ಅರ್ಧ ಕಿಲೋದಂತೆ ಒಂದು ತಿಂಗಳ ಕಾಳು. ದಕ್ಷಿಣ ಸುಡಾನಿನ ಯೂನಿಟಿ ಪ್ರಾಂತ್ಯದ ಜೌಗು ನೆಲದಲ್ಲಿ ನಿಂತು ನಾನು ಈ ಮಾತನ್ನು ದಿನಕ್ಕೆ ನೂರು ಸಲವಾದರೂ ಹೇಳುತ್ತಿದ್ದೆ: ಹತ್ತು ಬಾಯಿಗೆ ಮೂರು ಚೀಲ. ದುಭಾಷಿ ಹುಡುಗ ಅದನ್ನು ಅಲ್ಲಿಯ ನುಯೆರ್ ಜನರ ಭಾಷೆಯಲ್ಲಿ ಕೂಗುತ್ತಿದ್ದ. ಸಾಲಾಗಿ ಕೂತ ಹೆಂಗಸರು ಅದನ್ನೇ ರಾಗ ಎಳೆದು ತಿರುಗಿ ಕೂಗುತ್ತಿದ್ದರು. ಎರಡನೇ ದಿನಕ್ಕೆ ಅದು ಮಕ್ಕಳ ಆಟದ ಹಾಡೇ ಆಗಿಬಿಟ್ಟಿರುತ್ತಿತ್ತು.

ಊರಿಗೆ ಬಂದಾಗಲೆಲ್ಲ ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು ಕೇಳುತ್ತಾರೆ: "ಸರ್, ಒಂದು ದೇಶದೊಳಗೆ ಅವರವರೇ ಬಡಿದಾಡಿಕೊಳ್ಳುವಾಗ ಹೊರಗಿನವರು ಹೋಗಿ ಏನು ಮಾಡ್ತಾರೆ? ನೀವು ಏನು ಮಾಡಿದ್ರಿ?" ಭದ್ರತಾ ಮಂಡಳಿ, ನಿರ್ಣಯ, ಶಾಂತಿಪಾಲನಾ ಪಡೆ ಎಂಬ ಪದಗಳನ್ನು ಅವರು ಪಠ್ಯದಲ್ಲಿ ಓದಿರುತ್ತಾರೆ. ಆ ಪದಗಳು ಒಂದು ಹಳ್ಳಿಯ ಬಯಲಿಗೆ ಬಂದು ಮುಟ್ಟುವಾಗ ಯಾವ ರೂಪದಲ್ಲಿರುತ್ತವೆ ಎಂಬುದನ್ನು ನಾನು ಕಂಡಷ್ಟು ಇಲ್ಲಿ ಬರೆಯುತ್ತೇನೆ.

ನಾನು ತಾಳಿಕೋಟೆ ಕಡೆಯ ಒಕ್ಕಲು ಮನೆಯವನು. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಎನ್ನುವ ಸೀಮೆ ನಮ್ಮದು. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕಕ್ಕೆ ಆ ದೊಡ್ಡ ನೆರೆ ಬಂದಾಗ ರಾಯಚೂರು ಜಿಲ್ಲೆಯ ಪರಿಹಾರ ಕೇಂದ್ರಗಳಲ್ಲಿ ಅಕ್ಕಿ, ಹೊದಿಕೆ ಹಂಚುವ ಕೆಲಸಕ್ಕೆ ನಿಂತೆ. ಯಾದಿ ಬರೆಯುವುದು, ಚೀಟಿ ಕೊಡುವುದು, ಸಾಲು ಕಾಯುವುದು ಎಲ್ಲ ಅಲ್ಲೇ ಕೈಗೆ ಹತ್ತಿತು. ಮುಂದೆ ಅದೇ ವೃತ್ತಿಯಾಯಿತು. 2016ರ ನವೆಂಬರಿನಲ್ಲಿ ಒಂದು ನೆರವು ಸಂಸ್ಥೆಯ ಆಹಾರ ವಿತರಣೆಯ ಹೊಣೆ ಹೊತ್ತು ದಕ್ಷಿಣ ಸುಡಾನಿನ ರಾಜಧಾನಿ ಜುಬಾದಲ್ಲಿ ಇಳಿದೆ. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ಭಾರತೀಯ ವಾಯುಪಡೆ ಎರಡು ಸಿ-17 ವಿಮಾನಗಳನ್ನು ಕಳಿಸಿ 'ಸಂಕಟ ಮೋಚನ' ಎಂಬ ಕಾರ್ಯಾಚರಣೆಯಲ್ಲಿ ನಮ್ಮ ದೇಶದವರನ್ನು ಅದೇ ಜುಬಾದಿಂದ ಕರೆತಂದಿತ್ತು. "ಎಲ್ಲಾರೂ ಬಿಟ್ಟ ಬಂದ ಊರಿಗೆ ನೀ ಯಾಕ ಹೊಂಟೀಯೋ ತಮ್ಮಾ?" ಎಂದು ಅವ್ವ ಕೇಳಿದಳು. ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 2011ರ ಜುಲೈ 9ರಂದು ದಕ್ಷಿಣ ಸುಡಾನ್ ಹೊಸ ದೇಶವಾಯಿತು. ಎರಡೇ ವರ್ಷಕ್ಕೆ ಅಧ್ಯಕ್ಷ ಸಾಲ್ವಾ ಕೀರ್ ತಮ್ಮ ಉಪಾಧ್ಯಕ್ಷ ರಿಯೆಕ್ ಮಚಾರರನ್ನು ಹುದ್ದೆಯಿಂದ ಇಳಿಸಿದರು. 2013ರ ಡಿಸೆಂಬರ್ 15ರ ರಾತ್ರಿ ಜುಬಾದ ಸೈನಿಕರ ನಡುವೆ ಸಿಡಿದ ಗುಂಡು ಕೆಲವೇ ದಿನಗಳಲ್ಲಿ ದೇಶದ ಉತ್ತರಾರ್ಧಕ್ಕೆಲ್ಲ ಹಬ್ಬಿತು. ಕೀರ್ ಅವರ ಡಿಂಕಾ, ಮಚಾರ್ ಅವರ ನುಯೆರ್ ಎಂಬ ಬುಡಕಟ್ಟಿನ ಗುರುತೇ ಸಾವಿಗೆ ಕಾರಣವಾಗುವ ಸ್ಥಿತಿ ಬಂತು. 2015ರ ಆಗಸ್ಟಿನಲ್ಲಿ ನೆರೆಯ ದೇಶಗಳೆಲ್ಲ ಕೂಡಿ ಒಂದು ಒಪ್ಪಂದಕ್ಕೆ ಸಹಿ ಮಾಡಿಸಿದವು. ಮರುವರ್ಷ ಏಪ್ರಿಲಿನಲ್ಲಿ ಮಚಾರ್ ಜುಬಾಕ್ಕೆ ಮರಳಿದರು. ಜುಲೈನಲ್ಲಿ ಮತ್ತೆ ಗುಂಡು ಹಾರಿತು, ಒಪ್ಪಂದ ಮುರಿದುಬಿತ್ತು.

ಜಗತ್ತು ಈ ಯುದ್ಧಕ್ಕೆ ಸ್ಪಂದಿಸಿದ್ದರಲ್ಲಿ ನಾನು ಇಂದಿಗೂ ಕೈಮುಗಿಯುವುದು ಮೊದಲ ವಾರ ಮಾಡಿದ ಒಂದು ಕೆಲಸಕ್ಕೆ. ಜೀವ ಉಳಿಸಿಕೊಳ್ಳಲು ಓಡಿಬಂದ ಜನರಿಗೆ ವಿಶ್ವಸಂಸ್ಥೆಯ ನೆಲೆಗಳು ಗೇಟು ತೆರೆದವು. ಅಷ್ಟು ಜನರನ್ನು ಒಳಗಿಟ್ಟುಕೊಂಡು ವರ್ಷಗಟ್ಟಲೆ ಕಾಯುವ ಯೋಜನೆ ಯಾರ ಬಳಿಯೂ ಇರಲಿಲ್ಲ. ಗೇಟು ತೆರೆದವರು ಎದುರಿಗಿದ್ದ ಜನರ ಮುಖ ನೋಡಿ ತೆರೆದರು. ಮುಂದೆ ಅಂಥ ನೆಲೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬದುಕಿದರು. ಬೆಂಟಿಯು ಊರಿನ ನೆಲೆಯೊಂದರಲ್ಲೇ ಲಕ್ಷ ಮೀರಿ ಇದ್ದರು. 2013ರ ಡಿಸೆಂಬರ್ 19ರಂದು ಅಕೊಬೊದಲ್ಲಿದ್ದ ನೆಲೆಯ ಮೇಲೆ ಸಾವಿರಾರು ಜನರ ಗುಂಪು ಏರಿಬಂದಾಗ ಒಳಗೆ ಆಶ್ರಯ ಪಡೆದವರನ್ನು ಕಾಯುತ್ತಾ ಇಬ್ಬರು ಭಾರತೀಯ ಸೈನಿಕರು ಪ್ರಾಣ ಕೊಟ್ಟರು. ನಾನು ಭಾರತದವನೆಂದು ಗೊತ್ತಾದ ಕೂಡಲೇ ಎಷ್ಟೋ ಕಡೆ ಹಿರಿಯರು ಕೈ ಹಿಡಿದು ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದರು. ಆ ಗೌರವ ನನ್ನದಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನು ಕೆಡಿಸಬಾರದು ಎಂಬ ಅಂಜಿಕೆ ಮಾತ್ರ ನನ್ನದಾಗಿತ್ತು.

ಇನ್ನೊಂದು ಬಗೆಯ ಸ್ಪಂದನೆಯನ್ನು ರೇಡಿಯೋದಲ್ಲಿ ಕೇಳಿದೆ. 2016ರ ಡಿಸೆಂಬರ್ 23. ದಕ್ಷಿಣ ಸುಡಾನಿಗೆ ಹೊರಗಿನಿಂದ ಶಸ್ತ್ರಾಸ್ತ್ರ ಮಾರಬಾರದು ಎಂದು ಅಮೆರಿಕ ಮಂಡಿಸಿದ ಕರಡಿಗೆ ಭದ್ರತಾ ಮಂಡಳಿಯಲ್ಲಿ 9 ಮತ ಬೇಕಿತ್ತು. ಬಂದದ್ದು 7. ಉಳಿದ 8 ದೇಶಗಳು ತಟಸ್ಥವಾಗಿ ಕೂತವು. ಬೇಡವೆಂದು ಒಬ್ಬರೂ ಕೈ ಎತ್ತಲಿಲ್ಲ, ಆದರೂ ನಿರ್ಣಯ ಬಿದ್ದುಹೋಯಿತು. ಕಚೇರಿಯ ಅಂಗಳದಲ್ಲಿ ರೇಡಿಯೋ ಮುಂದೆ ಕೂತಿದ್ದ ನಮ್ಮ ಚಾಲಕ ಸುದ್ದಿ ಮುಗಿದ ಮೇಲೆ ಎದ್ದು ಹೋಗಿ ಸುಮ್ಮನೆ ಗಾಡಿ ತೊಳೆಯತೊಡಗಿದ. ತೊಳೆದ ಗಾಡಿಯನ್ನೇ ಮತ್ತೆ ತೊಳೆದ. ಅದೇ ನಿರ್ಬಂಧ ಕೊನೆಗೆ ಬಂದದ್ದು 2018ರ ಜುಲೈ 13ರಂದು, ಬೇಕಾದಷ್ಟೇ ಮತ ಬಿದ್ದು: ಸರಿಯಾಗಿ 9. ಈ ಎರಡು ದಿನಾಂಕಗಳ ನಡುವಿನ ಕಾಲವೇ ನಾನು ಅಲ್ಲಿ ಕಾಳು ಹಂಚಿದ ಕಾಲ. ಅದಕ್ಕೇ ಈ ಅಂಕಿಗಳು ನನಗೆ ಬಾಯಿಪಾಠ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ.

ಆ ನೆಲದಲ್ಲಿ ಲಾರಿ ಓಡಿಸುವುದು ಕಷ್ಟ. ಮೇ ತಿಂಗಳಿಂದ ಆರು ತಿಂಗಳು ಮಳೆ. ನಮ್ಮ ಎರೆಮಣ್ಣಿನಂಥದೇ ಕಪ್ಪು ಮಣ್ಣು. ಹಸಿಯಾದರೆ ಗಾಲಿಗೆ ಕಚ್ಚಿಕೊಂಡು ಬಿಡುವುದಿಲ್ಲ, ಒಣಗಿದರೆ ಕಾಲು ಹೋಗುವಷ್ಟು ಬಿರುಕು. ಮಳೆ ಇಲ್ಲದ ತಿಂಗಳುಗಳಲ್ಲಿ ದಾರಿಯುದ್ದಕ್ಕೂ ಬಂದೂಕು. 2017ರ ಮಾರ್ಚ್ 25ರಂದು ಜುಬಾದಿಂದ ಪಿಬೋರ್‌ಗೆ ಹೊರಟಿದ್ದ ಆರು ನೆರವು ಕಾರ್ಯಕರ್ತರನ್ನು ದಾರಿಯಲ್ಲೇ ಕೊಂದರು. ದಾರಿಯ ಸ್ಥಿತಿ ಯುದ್ಧದ ಮೊದಲಿನಿಂದಲೂ ಹೀಗೇ ಇದ್ದುದರಿಂದ ವಿಶ್ವ ಆಹಾರ ಕಾರ್ಯಕ್ರಮ, ಯುನಿಸೆಫ್ ಮತ್ತು ನಮ್ಮಂಥ ಸಂಸ್ಥೆಗಳು ಕೂಡಿ 2014ರಿಂದಲೇ ಒಂದು ಪದ್ಧತಿ ಮಾಡಿಕೊಂಡಿದ್ದವು. ಸಣ್ಣ ತಂಡವೊಂದು ಹೆಲಿಕಾಪ್ಟರಿನಲ್ಲಿ ಹಳ್ಳಿಗೆ ಇಳಿಯುತ್ತದೆ, ಗುಡಾರ ಹಾಕಿ ಜನರನ್ನು ಎಣಿಸುತ್ತದೆ, ಬಯಲೊಂದನ್ನು ಸಜ್ಜು ಮಾಡುತ್ತದೆ. ಆಮೇಲೆ ವಿಮಾನ ಬಂದು ಆಕಾಶದಿಂದ ಕಾಳಿನ ಚೀಲ ಉದುರಿಸುತ್ತದೆ. ಹಂಚಿ ಮುಗಿದ ಮೇಲೆ ತಂಡ ವಾಪಸು.

ಇಳಿಯುವ ಮುಂಚೆ ಎರಡೂ ಪಕ್ಷಗಳಿಂದ ಒಪ್ಪಿಗೆ ಬೇಕು. ಸರ್ಕಾರದ ಕಡೆಯಿಂದ ಒಂದು ಕಾಗದ, ಎದುರು ಪಕ್ಷದ ಕಡೆಯಿಂದ ಇನ್ನೊಂದು ಮಾತು. ಯಾವ ದಿನ, ಯಾವ ಹೊತ್ತಿಗೆ, ಯಾವ ವಿಮಾನ ಎಂದು ಇಬ್ಬರಿಗೂ ತಿಳಿಸಬೇಕು. ಹೊಡೆಯುವುದಿಲ್ಲ ಎಂದು ಇಬ್ಬರೂ ಹೇಳಬೇಕು. ಈ ಕೆಲಸ ಕಲಿಯಬಯಸುವವರಿಗೆ ನನ್ನ ಮೊದಲ ಮಾತು ಇದೇ: ನಿಮ್ಮ ಅರ್ಧ ದಿನಗಳು ಕಾಯುವುದರಲ್ಲಿ ಹೋಗುತ್ತವೆ. ರುಂಬೆಕ್ ಪಟ್ಟಣದ ರನ್‌ವೇ ಪಕ್ಕ ಚೀಲಗಳ ಮೇಲೆ ಕೂತು ಐದು ದಿನ ಕಾದು, ಆರನೇ ದಿನ ಜುಬಾಕ್ಕೆ ಮರಳಿದ್ದೂ ಉಂಟು. ಆ ಐದು ದಿನ ಅತ್ತ ಹಳ್ಳಿಯಲ್ಲಿ ಜನ ಏನು ತಿಂದರು ಎಂದು ಯೋಚಿಸದೆ ಇರಲು ಆಗುತ್ತಿರಲಿಲ್ಲ.

ನಮ್ಮ ತಂಡದಲ್ಲಿ ಒಂಬತ್ತು ಜನ. ಆರು ಮಂದಿ ದಕ್ಷಿಣ ಸುಡಾನಿನವರೇ. ಹೊರಗಿನ ನೆರವು ಎಂದಾಗ ಪತ್ರಿಕೆಗಳಲ್ಲಿ ನಮ್ಮಂಥವರ ಫೋಟೋ ಬರುತ್ತದೆ, ಆದರೆ ಮೈ ಬಗ್ಗಿಸಿ ದುಡಿದವರೂ ಹೆಚ್ಚು ಅಪಾಯ ಹೊತ್ತವರೂ ಆ ನೆಲದ ಮಕ್ಕಳು. ಸಾಮಾನು ಎಂದರೆ ಗುಡಾರ, ನೀರು ಸೋಸುವ ಕ್ಯಾನು, ಉಪಗ್ರಹ ಫೋನು, ವಾಕಿಟಾಕಿ, ಸಣ್ಣ ಜನರೇಟರು, ಎರಡು ವಾರದ ಅಕ್ಕಿ ಬೇಳೆ. ಇದಲ್ಲದೆ ಪ್ರತಿಯೊಬ್ಬರ ತಲೆದೆಸೆಗೆ ಒಂದು ಓಟದ ಚೀಲ: ನೀರು, ಔಷಧ, ಪಾಸ್‌ಪೋರ್ಟು, ಟಾರ್ಚು, ಗಟ್ಟಿ ಬೂಟು. ಗುಂಡಿನ ಸದ್ದು ಹತ್ತಿರ ಬಂದರೆ ಬೇರೇನೂ ಮುಟ್ಟದೆ ಅದೊಂದನ್ನು ಹೆಗಲಿಗೆ ಹಾಕಿ ಓಡಬೇಕು.

2017ರ ಜನವರಿಯ ನನ್ನ ಮೊದಲ ಹಳ್ಳಿಯಲ್ಲೇ ದೊಡ್ಡ ತಪ್ಪು ಮಾಡಿದೆ. ರಾಯಚೂರಿನಲ್ಲಿ ಕಲಿತಂತೆ ಕುಟುಂಬದ ಯಜಮಾನನ ಹೆಸರು ಬರೆದು, ಅದರ ಕೆಳಗೆ ಎಷ್ಟು ಜನ ಎಂದು ತುಂಬುತ್ತಾ ಹೋದೆ. ಎರಡು ದಿನದಲ್ಲಿ ಯಾದಿ ಚೊಕ್ಕವಾಗಿ ಮುಗಿಯಿತು. ಹಂಚಿಕೆಯ ದಿನ ಒಬ್ಬ ಹೆಂಗಸು ಬಂದು ನನ್ನ ಮೇಜಿನ ಮುಂದೆ ಕೂತಳು. ಏಳಲಿಲ್ಲ. ದುಭಾಷಿ ಎಷ್ಟು ಹೇಳಿದರೂ ಒಂದೇ ಮಾತು. "ಏನಂತಾಳೆ?" ಎಂದು ಕೇಳಿದೆ. "ನನ್ನ ಒಲೆ ಬೇರೆ ಅಂತಾಳೆ" ಎಂದ.

ನುಯೆರ್ ಗಂಡಸಿಗೆ ಇಬ್ಬರು ಮೂವರು ಹೆಂಡಿರಿರುವುದು ಸಾಮಾನ್ಯ. ಪ್ರತಿ ಹೆಂಡತಿಗೂ ತನ್ನದೇ ಗುಡಿಸಲು, ತನ್ನದೇ ಒಲೆ, ತನ್ನ ಮಕ್ಕಳ ಹೊಟ್ಟೆಯ ಹೊಣೆ. ನಾನು ಗಂಡನ ಹೆಸರಿನಲ್ಲಿ ಒಂದೇ ಚೀಟಿ ಬರೆದಿದ್ದೆ. ಕೆಲವು ಮನೆಗಳಲ್ಲಿ ಕಾಳೆಲ್ಲ ಒಂದೇ ಗುಡಿಸಲಿಗೆ ಹೋಯಿತು. ಸತ್ತಿದ್ದ ಗಂಡಸರ, ಬಂದೂಕು ಹಿಡಿದು ಕಾಡಿಗೆ ಹೋಗಿದ್ದವರ ಹೆಂಡಿರು ಯಾದಿಗೇ ಬಂದಿರಲಿಲ್ಲ. ಅವರ ಭಾಷೆಯಲ್ಲಿ ವಂಶಕ್ಕೆ 'ಥೊಕ್ ಮಾಚ್' ಎನ್ನುತ್ತಾರಂತೆ, ಒಲೆ ಎಂದೇ ಅರ್ಥ. ನಮ್ಮಲ್ಲೂ ಅಣ್ಣತಮ್ಮಂದಿರು ಪಾಲಾದರೆ "ಬೇರೆ ಒಲೆ ಹೂಡಿದರು" ಎನ್ನುತ್ತೇವೆ. ಎರಡೂ ಕಡೆ ಗೊತ್ತಿದ್ದ ಮಾತು ನನ್ನ ನಮೂನೆಯ ಕಾಗದದಲ್ಲಿ ಮಾತ್ರ ಇರಲಿಲ್ಲ. ಆ ಹಳ್ಳಿಯಲ್ಲಿ ಆದ ಅನ್ಯಾಯವನ್ನು ಪೂರ್ತಿ ಸರಿಪಡಿಸಲು ನನ್ನಿಂದ ಆಗಲಿಲ್ಲ. ಉಳಿದಿದ್ದ ನಲವತ್ತು ಚಿಲ್ಲರೆ ಚೀಲಗಳನ್ನು ಆ ಹೆಂಗಸರಿಗೆ ಕೊಟ್ಟೆವು. ಅದು ಸಾಲಲಿಲ್ಲ. ಮುಂದಿನ ಹಳ್ಳಿಯಿಂದ ಒಲೆ ಎಣಿಸಿದೆವು. ಚೀಟಿ ಹೆಂಗಸಿನ ಕೈಗೇ. ಯಾದಿ ಬರೆಯುವಾಗ ಪಕ್ಕದಲ್ಲಿ ಊರಿನ ಐದು ಹಿರಿಯ ಹೆಂಗಸರು ಕೂರಬೇಕು. "ಇವಳು ನಮ್ಮೂರವಳೇ, ಮಕ್ಕಳು ನಾಲ್ಕು, ಒಂದು ತಂಗಿಯ ಮಗು" ಎಂದು ಅವರು ಹೇಳಿದ್ದು ನನ್ನ ಯಾವ ದಾಖಲೆಗಿಂತ ಹೆಚ್ಚು ಖಾತ್ರಿಯಾಗಿರುತ್ತಿತ್ತು.

ಆ ವಾರ ಉಪಗ್ರಹ ಫೋನಿನಿಂದ ಎರಡು ನಿಮಿಷ ಮನೆಗೆ ಮಾತಾಡಿದೆ.

"ಅಲ್ಲಿ ಮಂದೀನೂ ಜ್ವಾಳಾನ ತಿಂತಾರೇನೋ ತಮ್ಮಾ?"

"ಹೌದವಾ, ಜ್ವಾಳಾನ."

"ರೊಟ್ಟಿ ಬಡೀತಾರ?"

"ಇಲ್ಲವಾ. ಹಿಟ್ಟಿಂದು ಸಣ್ಣ ಸಣ್ಣ ಉಂಡಿ ಮಾಡಿ ಬೇಯಸ್ತಾರ. ಹಾಲಿದ್ರ ಹಾಲಾಗ ಉಣ್ತಾರ."

"ಮಳಿ ಇಲ್ಲನು?"

"ಮಳಿ ಆಗಿತ್ತವಾ. ನೈಲ್ ಹೊಳ್ಯಾಗ ನೀರೈತಿ. ನಮ್ಮಂಥದ ಎರಿ ಭೂಮಿ."

"ಮತ್ತ್ಯಾಕ ಉಪಾಸ?"

ಅವ್ವನಿಗೆ ಬರ ಗೊತ್ತು. 1972ರಲ್ಲಿ ಅವಳು ಚಿಕ್ಕವಳು. ಕೆರೆ ಕೆಲಸಕ್ಕೆ ಹೋದ ಹಿರಿಯರ ಜೊತೆ ಮಣ್ಣಿನ ಬುಟ್ಟಿ ಹೊತ್ತವಳು. ಅವಳು ಕಂಡ ಬರ ಮುಗಿಲಿನಿಂದ ಬಂದದ್ದು. ನಾನಿದ್ದ ಕಡೆ ಮುಗಿಲು ತನ್ನ ಪಾಲಿನದನ್ನು ಕೊಡುತ್ತಿತ್ತು. ಬಿತ್ತುವ ಹೊತ್ತಿಗೆ ದಾಳಿಯಾಗುತ್ತಿತ್ತು. ಜನ ಓಡಿಹೋಗಿ ನೈಲ್ ನದಿ ಹರಡಿ ನಿಂತ ಸುಡ್ ಎಂಬ ಅಪಾರ ಜೌಗಿನ ನಡುಗಡ್ಡೆಗಳಲ್ಲಿ ಅಡಗುತ್ತಿದ್ದರು. ಮರಳಿ ಬಂದರೆ ಗುಡಿಸಲು ಸುಟ್ಟಿರುತ್ತಿತ್ತು, ದನ ಹೊಡೆದುಕೊಂಡು ಹೋಗಿರುತ್ತಿದ್ದರು, ಸಂತೆ ನಿಂತಿರುತ್ತಿತ್ತು. ನುಯೆರ್ ಜನಕ್ಕೆ ದನವೆಂದರೆ ಹಾಲು, ಬ್ಯಾಂಕು, ಮದುವೆಯ ತೆರ, ಮಾನ ಎಲ್ಲವೂ. ದನ ಹೋದ ಮನೆಯಲ್ಲಿ ನೀರಿನೊಳಗಿನ ನೈದಿಲೆಯ ಗೆಡ್ಡೆ ಅಗೆದು ತಿನ್ನುತ್ತಿದ್ದರು. ಎರಡು ನಿಮಿಷದ ಕರೆಯಲ್ಲಿ ಅವ್ವನಿಗೆ ಇಷ್ಟನ್ನು ಹೇಳಲು ಆಗಲಿಲ್ಲ. "ಬಡಿದಾಟದ ಬರ ಅವಾ ಇದು" ಎಂದೆ. ಅವಳಿಗೆ ಅಷ್ಟು ಸಾಕಾಯಿತು.

2017ರ ಫೆಬ್ರವರಿ 20ರಂದು ಯೂನಿಟಿ ಪ್ರಾಂತ್ಯದ ಲೇರ್ ಮತ್ತು ಮಾಯೆಂಡಿಟ್ ಎಂಬ, ನಮ್ಮ ತಾಲ್ಲೂಕಿನಂಥ ಕೌಂಟಿಗಳಲ್ಲಿ ಕ್ಷಾಮ ಎಂದು ಅಧಿಕೃತವಾಗಿ ಘೋಷಿಸಿದರು. ಒಂದು ಲಕ್ಷ ಜನ ಉಪವಾಸದ ಸಾವಿನ ಅಂಚಿನಲ್ಲಿ. ದೇಶದಲ್ಲಿ 49 ಲಕ್ಷ ಜನರಿಗೆ ತುರ್ತಾಗಿ ಆಹಾರ ಬೇಕು. ಕ್ಷಾಮ ಎಂಬ ಪದವನ್ನು ಸುಮ್ಮನೆ ಬಳಸುವಂತಿಲ್ಲ. ಐದರಲ್ಲಿ ಒಂದು ಮನೆಗೆ ಆಹಾರವೇ ಇಲ್ಲದಂತಾಗಬೇಕು, ನೂರು ಮಕ್ಕಳಲ್ಲಿ ಮೂವತ್ತಕ್ಕಿಂತ ಹೆಚ್ಚು ಮಕ್ಕಳು ತೀವ್ರವಾಗಿ ಸೊರಗಿರಬೇಕು, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರು ಸಾಯುತ್ತಿರಬೇಕು. ಮೂರೂ ಸೇರಿದ ಮೇಲಷ್ಟೇ ಘೋಷಣೆ. ಅಂದರೆ ಆ ಪದ ರೇಡಿಯೋದಲ್ಲಿ ಬರುವ ಹೊತ್ತಿಗೆ ಎಷ್ಟೋ ಮಕ್ಕಳು ಆಗಲೇ ಮಣ್ಣಾಗಿರುತ್ತಾರೆ. ಎರಡು ದಿನ ಬಿಟ್ಟು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರೆಸ್ ದಕ್ಷಿಣ ಸುಡಾನ್, ಯೆಮನ್, ಸೊಮಾಲಿಯಾ ಮತ್ತು ನೈಜೀರಿಯಾದ ಈಶಾನ್ಯ ಭಾಗಕ್ಕೆಂದು ಮಾರ್ಚ್ ಮುಗಿಯುವುದರೊಳಗೆ 440 ಕೋಟಿ ಡಾಲರ್ ಕೇಳಿದರು. ನಮಗಂತೂ ಅದರ ಅರ್ಥ ವಿಮಾನಗಳು ಹೆಚ್ಚುತ್ತವೆ ಎಂಬುದೇ ಆಗಿತ್ತು. ಹೆಚ್ಚಿದವು ಕೂಡ.

ಮಾರ್ಚ್‌ನ ಹಳ್ಳಿಯಲ್ಲಿ ಒಲೆಗಳನ್ನು ಎಣಿಸಿದಾಗ 12,000 ಜನ ಆದರು. ಜೋಳವೇ 180 ಟನ್ ಬೇಕು. ಇಲ್ಯೂಷಿನ್-76 ಎಂಬ ನಾಲ್ಕು ಎಂಜಿನ್ನಿನ ದೊಡ್ಡ ವಿಮಾನ ಒಂದು ಸಲಕ್ಕೆ ಸುಮಾರು 30 ಟನ್ ತರುತ್ತದೆ, 600 ಚೀಲ. ಆರು ಸರದಿ ಬೇಕು. ಬೇಳೆಗೆ ಇನ್ನೊಂದು. ಎಣ್ಣೆ ಹೆಲಿಕಾಪ್ಟರಿನಲ್ಲಿ.

ಬಯಲನ್ನು ಆರಿಸುವುದು ಊರಿನ ಮುಖಂಡರ ಜೊತೆ ಕೂತು. ಮರ, ಗುಡಿಸಲು, ಗೋರಿ ಇರಬಾರದು. ದನ ಮೇಯಿಸುವ ದಾರಿ ಆಗಿರಬಾರದು. ಕಲ್ಲು, ಮೊಂಡು ಬೇರು ಕಿತ್ತು, ನಡುವೆ ಬಿಳಿ ಚೀಲಗಳನ್ನು ಹಾಸಿ ದೊಡ್ಡ ಗುರುತು ಮಾಡುತ್ತೇವೆ. ವಿಮಾನ ಬರುವ ದಿನ ನಸುಕಿನಿಂದಲೇ ಊರಿನ ಯುವಕರು ಬಯಲಿನ ಸುತ್ತ ನಿಲ್ಲುತ್ತಾರೆ, ಒಂದು ಮಗು ಒಂದು ಕರು ಒಳಗೆ ನುಸುಳಬಾರದು. ನನ್ನ ಕೈಯಲ್ಲಿ ರೇಡಿಯೋ. ಪೈಲಟ್ ಮೊದಲ ಸುತ್ತು ಬರಿಗೈಲಿ ಹಾದುಹೋಗಿ ನೋಡುತ್ತಾನೆ. ಗಾಳಿ ಯಾವ ಕಡೆ, ಬಯಲು ಖಾಲಿಯೇ ಎಂದು ಕೇಳುತ್ತಾನೆ. "ಖಾಲಿ ಇದೆ" ಎಂಬ ಎರಡು ಪದ ಹೇಳುವಾಗ ನನ್ನ ಗಂಟಲು ಪ್ರತಿ ಸಲವೂ ಒಣಗುತ್ತಿತ್ತು. ಚೀಲ ತಾಗಿದರೆ ಮನುಷ್ಯ ಉಳಿಯುವುದಿಲ್ಲ. ಎರಡನೇ ಸುತ್ತಿಗೆ ವಿಮಾನ ಕೆಳಗಿಳಿದು, ಮೂತಿಯನ್ನು ತುಸು ಮೇಲೆತ್ತಿ, ಹಿಂಬಾಗಿಲು ತೆರೆಯುತ್ತದೆ. ಚೀಲಗಳು ತಮ್ಮ ಭಾರಕ್ಕೇ ಜಾರಿ ಸುರಿಯುತ್ತವೆ. ಮೊದಲು ನೋಡಿದರೆ ಮೆಣಸಿನ ಕಾಳು ಚೆಲ್ಲಿದಂತೆ. ಸದ್ದು ಆಮೇಲೆ ಬರುತ್ತದೆ, ಕಣದಲ್ಲಿ ನೂರು ಜನ ಒಟ್ಟಿಗೆ ತೆನೆ ಬಡಿದಂತೆ. ನೆಲ ಕಾಲಡಿಯಲ್ಲಿ ನಡುಗುತ್ತದೆ.

ಒಂದರೊಳಗೊಂದು ಸೇರಿಸಿ ಹೊಲಿದ ಚೀಲಗಳಾದರೂ ಕೆಲವು ಒಡೆಯುತ್ತವೆ. ಚೀಲ ಹೊತ್ತು ತಂದು ಒಟ್ಟುವ ಕೆಲಸಕ್ಕೆ ಹೆಂಗಸರು ನಿಲ್ಲುತ್ತಾರೆ, ಕೂಲಿ ಕಾಳಿನಲ್ಲಿ. ಒಡೆದ ಚೀಲದ ಕಾಳನ್ನು ಕೊನೆಗೆ ಗುಡಿಸಿಕೊಳ್ಳಲು ಅನುಮತಿ. ಅದಕ್ಕೂ ಒಂದು ಸಾಲು, ಅದರಲ್ಲಿ ಮೊದಲು ಮುದುಕಿಯರು. ಒಬ್ಬೊಬ್ಬಳು ಒಂದೊಂದು ತುಂಡು ನೆಲ ಹಿಡಿದು ಬೆರಳಿನಿಂದ ಬಿರುಕಿನೊಳಗಿನ ಕಾಳನ್ನೂ ಆರಿಸುತ್ತಾಳೆ. ಸುಗ್ಗಿ ಮುಗಿದ ಮೇಲೆ ಹಕ್ಕಲಾಯುವ ನಮ್ಮೂರ ಮುದುಕಿಯರದೂ ಅದೇ ಕೂರುವ ಭಂಗಿ, ಅದೇ ಬೆರಳು. ನನಗೆ ಅಲ್ಲಿ ಬಹಳ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ.

ಹಂಚಿಕೆಗೆ ಒಲೆಗಳನ್ನು ಸೇರಿಸಿ ಹತ್ತತ್ತು ಬಾಯಿಯ ಗುಂಪು ಮಾಡುತ್ತೇವೆ. ನಾಲ್ಕು ಬಾಯಿಯ ಒಂದು ಒಲೆ, ಆರು ಬಾಯಿಯ ಇನ್ನೊಂದು. ಅಥವಾ ಮೂರು, ಮೂರು, ನಾಲ್ಕು. ಗುಂಪಿಗೆ ಮೂರು ಚೀಲ. ಆಮೇಲೆ ತಮ್ಮೊಳಗೆ ಅಳೆದುಕೊಳ್ಳುವುದು ಅವರಿಗೇ ಬಿಟ್ಟದ್ದು. ನಮ್ಮ ಸೇರಿನಂತೆ ಅಲ್ಲಿ ಮಲ್ವಾ ಎಂಬ ಅಳತೆ ಇದೆ, ಮೂರೂವರೆ ಕಿಲೋ ಹಿಡಿಯುವ ತಗಡಿನ ಡಬ್ಬಿ. ತೂಕದ ಯಂತ್ರ ತರುತ್ತೇನೆಂದರೆ ಅವರು ಬೇಡವೆಂದರು. ಎಲ್ಲರ ಕಣ್ಣೆದುರು ಸುರಿದು ಅಳೆಯುವ ಮಲ್ವಾದ ಮೇಲೆ ಅವರಿಗೆ ನಂಬಿಕೆ. ಆ ನಂಬಿಕೆ ತಪ್ಪಾಗಿದ್ದು ನಾನು ಕಾಣೆ.

ಮರದ ನೆರಳಿನಲ್ಲಿ ಇನ್ನೊಂದು ಸಾಲು ಮಕ್ಕಳದು. ತೋಳಿಗೆ ಸುತ್ತಿ ಅಳೆಯುವ ಬಣ್ಣದ ಪಟ್ಟಿ, ನಮ್ಮ ಅಂಗನವಾಡಿಗಳಲ್ಲೂ ಇರುವ ಮುವಾಕ್ ಪಟ್ಟಿಯೇ. 12.5 ಸೆಂಟಿಮೀಟರ್ ಮೇಲಿದ್ದರೆ ಹಸಿರು, ಅದಕ್ಕಿಂತ ಕೆಳಗೆ ಹಳದಿ, 11.5ಕ್ಕಿಂತ ಕೆಳಗೆ ಕೆಂಪು. ಕೆಂಪು ಬಂದ ಮಗುವಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಕಲಸಿದ 92 ಗ್ರಾಮಿನ ಪೊಟ್ಟಣ. ಒಂದರಲ್ಲಿ 500 ಕ್ಯಾಲರಿ. ಮೂಲೆ ಹರಿದು ಬಾಯಿಗೆ ಹಿಡಿದರೆ ಹಸಿವು ಇನ್ನೂ ಸತ್ತಿರದ ಮಗು ತಾನೇ ಚೀಪುತ್ತದೆ. ಮುಖ ತಿರುಗಿಸಿದ ಮಗುವನ್ನು ಕಂಡರೆ ನರ್ಸ್ ಕೂಡಲೇ ಎತ್ತಿಕೊಳ್ಳುತ್ತಿದ್ದಳು, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಹೋಗಬೇಕಾದ ಮಕ್ಕಳು ಅವರೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಆಕಾಶದಿಂದ ಕಾಳು ಹಾಕುವುದಕ್ಕೆ ಲಾರಿಯಲ್ಲಿ ತರುವುದಕ್ಕಿಂತ ಹಲವು ಪಟ್ಟು ಖರ್ಚು. ಆ ಹಣದಲ್ಲಿ ಅದೆಷ್ಟೋ ಹೆಚ್ಚು ಜನ ಉಣ್ಣಬಹುದಿತ್ತು. ವಿಮಾನ ಬೇಕಾದದ್ದು ದಾರಿ ಮುಚ್ಚಿದ್ದರಿಂದ. ದಾರಿ ಮುಚ್ಚಿದವರು ಮನುಷ್ಯರು. ಅವರ ಕೈಗೆ ಗುಂಡು ಸೇರದಂತೆ ತಡೆಯಲು 9 ಮತ ಸಿಗಲಿಲ್ಲ, ವಿಮಾನಕ್ಕೆ ಹಣ ಸಿಕ್ಕಿತು. ಹಣ ಕೊಟ್ಟ ದೇಶಗಳ ಬಗ್ಗೆ ನನಗೆ ಕೃತಜ್ಞತೆ ಇದೆ. ಆ ಕಾಳಿಲ್ಲದೆ ಲೇರ್‌ನಲ್ಲಿ ಇನ್ನೂ ಸಾವಿರಾರು ಜನ ಸಾಯುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾಳು ಕಳಿಸಿದ್ದನ್ನೇ ತಮ್ಮ ಪೂರ್ತಿ ಕರ್ತವ್ಯ ಎಂದುಕೊಂಡರೆ ಅದನ್ನು ನಾನು ಒಪ್ಪಲಾರೆ.

ಏಪ್ರಿಲಿನಲ್ಲಿ ಇನ್ನೊಂದು ಹಳ್ಳಿ. ಎಣಿಕೆಯ ನಾಲ್ಕನೇ ದಿನ ನಸುಕಿನಲ್ಲಿ ಉತ್ತರದ ಕಡೆಯಿಂದ ಗುಡುಗಿನಂಥ ಸದ್ದು ಬಂತು. ಮೋಡ ಇರಲಿಲ್ಲ. ಅಷ್ಟು ಹೊತ್ತಿಗಾಗಲೇ ಹೆಂಗಸರು ಮಡಕೆ, ಚಾಪೆ, ಮಕ್ಕಳನ್ನು ಹೊತ್ತು ನೀರಿನ ಕಡೆ ಹೊರಟಾಗಿತ್ತು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ಸಾವಿರ ಜನರ ಚೀಟಿ ಕೊಟ್ಟಾಗಿತ್ತು, ಒಂದು ಚೀಲವೂ ಬಿದ್ದಿರಲಿಲ್ಲ. ಜುಬಾದಿಂದ ಉಪಗ್ರಹ ಫೋನಿನಲ್ಲಿ ಹೇಳಿದರು: ಹನ್ನೊಂದಕ್ಕೆ ಹೆಲಿಕಾಪ್ಟರು, ಓಟದ ಚೀಲ ಮಾತ್ರ. ನಮ್ಮ ದುಭಾಷಿ ಹುಡುಗನ ತಾಯಿ ಅದೇ ಹಳ್ಳಿಯವಳು. ಅವನು ಹತ್ತಲಿಲ್ಲ. ರೇಡಿಯೋ ನನ್ನ ಕೈಗಿಟ್ಟು ನೀರಿನ ಕಡೆ ಓಡಿದ. ಮೇಲಿನಿಂದ ನೋಡಿದರೆ ಜೊಂಡಿನ ನಡುವೆ ಸಾಲುಗಟ್ಟಿ ಹೋಗುವ ತಲೆಗಳು, ತಲೆಯ ಮೇಲೆ ಗಂಟು. ನಮ್ಮನ್ನು ಎತ್ತಿಕೊಂಡು ಹೋಗಲು ಒಂದು ಯಂತ್ರ ಬಂದಿತ್ತು. ಅವರಿಗೆ ಅವರ ಕಾಲುಗಳೇ. ಈ ಕೆಲಸದಲ್ಲಿ ನನಗೆ ಎಂದೂ ಸರಿಹೋಗದ ಸಂಗತಿ ಇದು, ಇಂದಿಗೂ.

ಮೂರು ವಾರ ಬಿಟ್ಟು ಒಪ್ಪಿಗೆ ಸಿಕ್ಕಿತು. ಹೋದೆವು. ಎರಡು ದಿನದಲ್ಲಿ ನಡುಗಡ್ಡೆಗಳಿಂದ ಜನ ಬರತೊಡಗಿದರು. ದುಭಾಷಿ ಹುಡುಗನೂ ಬಂದ, ಕಾಲಿನ ತುಂಬ ಜೊಂಡು ಕೊಯ್ದ ಗಾಯ. ಹೆಂಗಸರು ಬಟ್ಟೆಯ ಗಂಟು ಬಿಚ್ಚಿ ಚೀಟಿ ತೆಗೆದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಬಟ್ಟೆ. ನೀರಿನಲ್ಲಿ ಎದೆ ಮಟ್ಟ ನಡೆದು ಹೋದವರು ಆ ಕಾಗದವನ್ನು ಒದ್ದೆಯಾಗಲು ಬಿಟ್ಟಿರಲಿಲ್ಲ.

ಒಂದು ಗುಂಪಿನಲ್ಲಿ ಎರಡು ಒಲೆ, ಆರು ಮತ್ತು ನಾಲ್ಕು. ಆರರ ಚೀಟಿಯವಳು ನನ್ನ ಮುಂದೆ ಬಂದು ಕೈಬೆರಳು ತೋರಿಸಿದಳು, ಐದು. ಮತ್ತೆ ಚೀಟಿಯ ಮೇಲಿನ ಅಂಕಿ ತೋರಿಸಿದಳು. ಚಿಕ್ಕ ಮಗು ನಡುಗಡ್ಡೆಯಲ್ಲಿ ಭೇದಿಯಾಗಿ ತೀರಿಕೊಂಡಿತ್ತು. ಹೆಚ್ಚು ಪಡೆದ ಮಾತು ಬರಬಾರದೆಂದು ತಿದ್ದಿಸಲು ಬಂದಿದ್ದಳು. ನಿಯಮದ ಪ್ರಕಾರ ನಾನು ತಿದ್ದಬೇಕು. ಪಕ್ಕದಲ್ಲಿ ಕೂತಿದ್ದ ಐದು ಹಿರಿಯ ಹೆಂಗಸರ ಕಡೆ ನೋಡಿದೆ. ಅವರಲ್ಲಿ ಒಬ್ಬಳು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಆ ತಾಯಿಯ ಮುಷ್ಟಿಯೊಳಗಿಟ್ಟಳು. ನಾನು ಪುಸ್ತಕದಲ್ಲಿ ಆರು ಎಂದೇ ಬಿಟ್ಟೆ. ಗುಂಪು ಹತ್ತು. ಮೂರು ಚೀಲ.

ಜೂನ್ 21ರ ವರದಿಯಲ್ಲಿ ಲೇರ್, ಮಾಯೆಂಡಿಟ್‌ಗಳಲ್ಲಿ ಈಗ ಕ್ಷಾಮವಿಲ್ಲ ಎಂದು ಬಂತು. ಅದೇ ವರದಿಯಲ್ಲಿ ದೇಶದಲ್ಲಿ ಹಸಿದವರ ಸಂಖ್ಯೆ 60 ಲಕ್ಷಕ್ಕೆ ಏರಿತ್ತು. ಆಗಸ್ಟಿನ ಹೊತ್ತಿಗೆ ಉಗಾಂಡಾ ಒಂದರಲ್ಲೇ ಹತ್ತು ಲಕ್ಷ ನಿರಾಶ್ರಿತರು. ಅವರಿಗೆ ಬಾಗಿಲು ತೆರೆದು ಗುಡಿಸಲು ಕಟ್ಟಿಕೊಳ್ಳಲು, ತರಕಾರಿ ಬೆಳೆಯಲು ತುಂಡು ನೆಲ ಕೊಟ್ಟ ಆ ಬಡ ದೇಶದ ಹೆಸರು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂತೋ ಕಾಣೆ, ಬರಬೇಕಿತ್ತು.

ಏಪ್ರಿಲಿನ ಆ ಹಳ್ಳಿಯಿಂದ ಹೊರಡುವ ಹಿಂದಿನ ಸಂಜೆ ಐದು ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿದ್ದೆ: ಮುಂದಿನ ಸಲ ಬರುವಾಗ ಏನು ತರಲಿ? ಒಬ್ಬಳು ಅಂಗೈಯಲ್ಲಿ ನಮ್ಮದೇ ಜೋಳ ಹಿಡಿದು, ಬಿತ್ತಲು ಬರುತ್ತದೆಯೇ ಎಂದು ಕೇಳಿದಳು. ಒಕ್ಕಲಿಗನ ಮಗ ನಾನು, ಸುಳ್ಳು ಹೇಳಲಾಗಲಿಲ್ಲ. ಇದು ದೂರದ ದೇಶದ ಹೈಬ್ರಿಡ್ ಕಾಳು, ಈ ನೆಲದಲ್ಲಿ ತೆನೆ ಕಟ್ಟುವ ಭರವಸೆ ಇಲ್ಲ ಎಂದೆ. ಅವಳು ಕಾಳನ್ನು ಮಲ್ವಾಕ್ಕೆ ಮರಳಿ ಸುರಿದಳು. ಹಾಗಾದರೆ ಗಾಳ ತಂದುಕೊಡು, ಗಟ್ಟಿ ದಾರ ತಂದುಕೊಡು, ಓಡಿಹೋಗಬೇಕಾಗಿ ಬಂದರೂ ಅವು ಕೈಯಲ್ಲಿ ಬರುತ್ತವೆ, ನಡುಗಡ್ಡೆಯ ಸುತ್ತ ಮೀನಿದೆ ಎಂದಳು. ಅದುವರೆಗೆ ಎಷ್ಟು ಹಳ್ಳಿಗಳಲ್ಲಿ ಎಷ್ಟು ಚೀಲ ಹಂಚಿದ್ದೆ, ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಜುಬಾಕ್ಕೆ ಬಂದ ಮರುದಿನ ಮುಂದಿನ ಸರದಿಯ ಸಾಮಾನಿನ ಯಾದಿ ಬರೆಯಲು ಕೂತಾಗ ಮೊದಲ ಸಾಲಿನಲ್ಲಿ ಗಾಳ, ಎರಡನೇ ಸಾಲಿನಲ್ಲಿ ದಾರ ಎಂದು ಬರೆದೆ. ಜೋಳ ಮೂರನೆಯದು.